ದಾರ ಕತ್ತರಿಸಿ ಮಾಡಿದ ಯಾದಿ

ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ ಅಂತ ಎರಡು ಸಂಸಾರ ಯಾಕೆ ಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಕನ್ನಡಕ್ಕೆ ಆ ಗೊಡವೆ ಇಲ್ಲ, ಪಕ್ಕದ ಮರಾಠಿಗೂ ಇಲ್ಲ. ಅ ಅಂದರೆ ಅ. ವಾಕ್ಯದ ಮೊದಲಿಗೆ ಬಂದರೂ ಅದೇ, ಸಾಹುಕಾರನ ಹೆಸರಿನಲ್ಲಿ ಬಂದರೂ ಅದೇ. ಈ ಉಪದ್ವ್ಯಾಪದ ಹಿಂದೆ ಮೂವತ್ತೊಂದು ವರ್ಷ ಕಾಲೇಜಿನ ಗ್ರಂಥಪಾಲಕನಾಗಿ ತಲೆ ಕೆಡಿಸಿಕೊಂಡೆ. ನಿವೃತ್ತನಾದ ಮೇಲೂ ಅದು ನನ್ನ ಬೆನ್ನು ಬಿಡಲಿಲ್ಲ. ಅದರಿಂದಾಗಿ ಅಣ್ಣನ ಮನೆಯಲ್ಲಿ ಮಾಡಬಾರದ್ದನ್ನು ಮಾಡಿ ಬಂದೆ. ಅಕ್ಷರದ ಮೇಲೆ ತಪ್ಪು ಹೊರಿಸುವುದು ಸುಲಭ, ಆದರೆ ಅಕ್ಷರಕ್ಕೆ ಕೈ ಇಲ್ಲ. ಕತ್ತರಿ ಹಿಡಿದದ್ದು ನನ್ನ ಕೈ.

ನಾನಿರುವುದು ಸೊಲ್ಲಾಪುರದಲ್ಲಿ, ವಿಜಾಪುರ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಮನೆಯಲ್ಲಿ. ಅಣ್ಣ ಇರುವುದು ಅಕ್ಕಲಕೋಟ ತಾಲೂಕಿನ ಹನ್ನೂರದಲ್ಲಿ, ನಮ್ಮ ಹಿರಿಯರ ಹೊಲ ಮನೆ ನೋಡಿಕೊಂಡು. ತೊಗರಿ, ಕಬ್ಬು, ಎರಡು ಎಮ್ಮೆ, ಇವುಗಳ ನಡುವೆ ಅವನಿಗೊಂದು ಹುಚ್ಚು: ಸಿನಿಮಾ ಸೀಡಿ. ಸೊಲ್ಲಾಪುರದಲ್ಲಿ ಸೀಡಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದಾಗ ಊರವರೆಲ್ಲ ಫೋನಿನಲ್ಲಿ ನೋಡಲು ಕಲಿತರು, ಇವನು ಮಾತ್ರ ಚೀಲ ತುಂಬಿ ತಂದ. ಕನ್ನಡ, ಮರಾಠಿ, ಹಿಂದಿ, ಅಷ್ಟಿಷ್ಟು ಇಂಗ್ಲಿಷ್, ಎಲ್ಲ ಸೇರಿ ಎಂಟುನೂರರ ಮೇಲೆ.

ತರುವವನು ಅಣ್ಣ, ನೋಡುವವಳು ವೈನಿ, ಅಂದರೆ ನನ್ನ ಅತ್ತಿಗೆ. ಅಣ್ಣ ಎರಡು ಹಾಡು ಆಗುವಷ್ಟರಲ್ಲಿ ಗೊರಕೆ ಹೊಡೆಯುತ್ತಾನೆ. ವೈನಿ ಮಧ್ಯಾಹ್ನ ಊಟದ ಪಾತ್ರೆ ಬೆಳಗಿ, ಎಮ್ಮೆಗೆ ನೀರಿಟ್ಟು, ಟಿವಿ ಮುಂದೆ ಕೂತರೆ ಎರಡೂವರೆ ತಾಸು ಯಾರು ಕರೆದರೂ ಏಳುವುದಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವಳು ತನಗಂತ ಇಟ್ಟುಕೊಂಡದ್ದು ಅಷ್ಟೇ. ಮೂರಡಿ ದಪ್ಪ ಮಣ್ಣಿನ ಗೋಡೆಯ ಆ ಮಾಳಿಗೆ ಮನೆಯೊಳಗೆ ಫೋನಿನ ನೆಟ್‌ವರ್ಕ್ ಬರುವುದಿಲ್ಲ. ಅವಳ ಪಾಲಿಗೆ ಸಿನಿಮಾ ಅಂದರೆ ಆ ಕಪಾಟು.

ಹೋದ ವರ್ಷ ಅಣ್ಣನ ಫೋನು ಬಂತು. ಅಂಗಳದಲ್ಲಿ ನಿಂತು ಒದರುತ್ತಿದ್ದ.

"ಏ ತಮ್ಮಾ, ಒಂದ ಸಿನೇಮಾ ಮೂರನೇ ಸಲ ತಂದೀನಿ ನೋಡಪಾ! ಒಂದರ ಮ್ಯಾಲ ಅಕ್ಷರಕ್ಕೊಂದು ಚುಕ್ಕಿ ಐತಿ, ಒಂದರ ಮ್ಯಾಲ ಚುಕ್ಕಿ ಇಲ್ಲ, ಇನ್ನೊಂದರ ಮ್ಯಾಲ ಮೊದಲಿಂದಷ್ಟ ದೊಡ್ಡದು. ನಾ ಬ್ಯಾರೆ ಬ್ಯಾರೆ ಅಂತ ತಿಳಕೊಂಡೆ. ನಿಮ್ಮ ವೈನಿ ಬಾಯಿಗೆ ಬಂದಂಗ ಅನ್ನಾಕತ್ತಾಳ. ನೀ ಲೈಬ್ರರಿಯಾಂವ ಇದ್ದೀ, ಬಂದು ಬರೋಬರ ಒಂದು ಯಾದಿ ಮಾಡಿ ನನ್ನ ಫೋನಿನಾಗ ಹಾಕು."

ಅದು ಬರೀ ನಾಲ್ಕು ಇಂಗ್ಲಿಷ್ ಅಕ್ಷರಗಳ ಹೆಸರಿನ ಒಂದು ಹಿಂದಿ ಸಿನಿಮಾ. ಉದ್ದ ಹೆಸರಿನ ಪ್ರತಿ ಪದದ ಮೊದಲಕ್ಷರ ಕಿತ್ತು ಸಾಲಾಗಿ ನಿಲ್ಲಿಸಿದರೆ ಆಗುವ ಹೆಸರು. ಒಂದು ಕಾಲಕ್ಕೆ ಇಂಥ ಹೆಸರಿಡುವ ಚಟ ಎಲ್ಲರಿಗೂ ಹತ್ತಿತ್ತು. ಅಣ್ಣನಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ, ಅಷ್ಟೇ. ಮೂರು ಥರ ಅಚ್ಚಾದರೆ ಮೂರು ಸಿನಿಮಾ ಅಂದುಕೊಂಡದ್ದರಲ್ಲಿ ಅವನ ತಪ್ಪಿಲ್ಲ. ನನಗಂತೂ ಮೈಯೆಲ್ಲ ಹುರುಪು ಬಂತು. ನಿವೃತ್ತನಾಗಿ ಎರಡು ವರ್ಷ, ನನ್ನ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ. ಲ್ಯಾಪ್‌ಟಾಪು, ನಂಬರಿನ ಚೀಟಿಗಳ ಕಟ್ಟು, ಸೀಡಿ ಹಾಕುವ ಬಿಳಿ ಪ್ಲಾಸ್ಟಿಕ್ ಪಾಕೀಟಿನ ದೊಡ್ಡ ಗಂಟು ಹೊತ್ತುಕೊಂಡು ಅಕ್ಕಲಕೋಟದ ಎಸ್ಟಿ ಬಸ್ಸು ಹಿಡಿದೆ, ಅಲ್ಲಿಂದ ಹನ್ನೂರಕ್ಕೆ ಇನ್ನೊಂದು.

ಕಪಾಟು ಇದ್ದದ್ದು ಪಡುವಣ ಕೋಣೆಯಲ್ಲಿ. ಅವ್ವ ಲಕ್ವಾ ಹೊಡೆದು ಮಾತು ನಿಂತ ಮೇಲೆ ಕೊನೆಯ ಎರಡು ವರ್ಷ ಮಲಗಿದ್ದ ಕೋಣೆ ಅದು. ಅವಳು ತೀರಿ ನಾಲ್ಕು ವರ್ಷವಾಗಿತ್ತು. ಬಾಗಿಲು ತೆಗೆದರೆ ಒಳಗೆ ಸೀಡಿಗಳ ಬದಲು ನೂಲಿನ ಅಂಗಡಿ ಕಂಡಂತಾಯಿತು. ಪ್ರತಿ ಡಬ್ಬಿಗೂ ಅಡ್ಡಲಾಗಿ ಬಣ್ಣದ ದಾರ ಸುತ್ತಿ ಗಂಟು ಹಾಕಿತ್ತು. ಕೆಂಪು, ಹಳದಿ, ಹಸಿರು, ಕರಿ.

ವೈನಿಯ ತವರು ಸೊಲ್ಲಾಪುರ. ಅವಳ ಅಪ್ಪನದು ನೂಲಿನ ವ್ಯಾಪಾರ. ಆ ಅಂಗಡಿಯಲ್ಲಿ ಯಾವ ನೂಲು ಎಷ್ಟು ಸಣ್ಣದು ಅಂತ ಚೀಟಿ ಬರೆದು ಅಂಟಿಸುತ್ತಿರಲಿಲ್ಲ. ಹಮಾಲರಿಗೆ ಓದಲು ಬಾರದು, ಹಾಗಾಗಿ ಪ್ರತಿ ಕಟ್ಟಿಗೆ ಬಣ್ಣದ ದಾರ. ಬಣ್ಣ ನೋಡಿದರೆ ನೂಲು ಯಾವುದು ಗೊತ್ತು, ಗಂಟು ಮುಟ್ಟಿದರೆ ಯಾವ ಮಿಲ್ಲಿನದು ಗೊತ್ತು. ಮರಾಠಿ ಸಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿ ಬಿಟ್ಟ ವೈನಿ ಅದನ್ನೇ ಇಲ್ಲಿ ತಂದಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ಮನೆಮಾತು ಕನ್ನಡವಾದರೂ ಕನ್ನಡ ಲಿಪಿ ಬಾರದು. ನಮ್ಮ ಕಡೆ ಇದು ಹೊಸದಲ್ಲ.

"ಕೆಂಪು ಹೊಡೆದಾಟದ್ದು, ಹಳದಿ ಮನೆತನದ್ದು, ಹಸಿರು ದೇವರದ್ದು, ಕರಿದು ಕಡೀಕ ಅಳಸೂದು," ಅಂತ ವೈನಿ ತೋರಿಸಿದಳು. "ಒಂದು ಗಂಟಂದ್ರ ಕನ್ನಡ, ಎರಡಂದ್ರ ಮರಾಠಿ, ಮೂರಂದ್ರ ಹಿಂದಿ. ಭಾವಜೀ, ನೀವು ಯಾದಿ ಮಾಡ್ರಿ, ಬ್ಯಾಡನ್ನೂದಿಲ್ಲ. ಆದ್ರ ದಾರ ಬಿಚ್ಚಿದ್ರ ಪರತ ಅದಕ್ಕ ಕಟ್ರಿ. ಅದೊಂದು ಹೇಳ್ತೀನಿ."

"ಆಯ್ತು ತಗೋರಿ ವೈನಿ," ಅಂದೆ. ಮನಸ್ಸಿನೊಳಗೆ ನಕ್ಕೆ. ಜಗತ್ತಿನ ಪುಸ್ತಕವನ್ನೆಲ್ಲ ಅಂಕಿಯಲ್ಲಿ ಹಿಡಿದಿಟ್ಟ ಶಾಸ್ತ್ರ ಓದಿದವನು ನಾನು, ನನಗೆ ಈ ಹಮಾಲರ ಲೆಕ್ಕ ಹೇಳಿಕೊಡುತ್ತಾಳಲ್ಲ ಅಂತ.

ಮೊದಲ ಎರಡು ದಿನ ಮಾತು ಉಳಿಸಿಕೊಂಡೆ. ದಾರ ಬಿಚ್ಚು, ಡಬ್ಬಿ ತೆಗೆ, ಸೀಡಿಯ ಮೇಲಿನ ಹೆಸರು ನೋಡು, ಟೈಪು ಮಾಡು, ದಾರ ಕಟ್ಟು. ಬೆರಳು ನೊಂದವು. ಎರಡನೇ ದಿನ ಸಂಜೆ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದೆ. ಪ್ರತಿ ಪದದ ಮೊದಲಕ್ಷರ ದೊಡ್ಡದು, ಉಳಿದದ್ದು ಸಣ್ಣದು ಮಾಡುವ ಗುಂಡಿ. ಎಲ್ಲ ಹೆಸರುಗಳು ಸಾಲೆಯ ಹುಡುಗರ ಹಾಗೆ ನೆಟ್ಟಗೆ ನಿಂತವು. ಅಕ್ಷರ ಕಿತ್ತು ಕಟ್ಟಿದ ಹೆಸರುಗಳು ಮಾತ್ರ ಕೆಟ್ಟು ಕೆರ ಹಿಡಿದವು. ಎಲ್ಲವೂ ದೊಡ್ಡದಿರಬೇಕಾದಲ್ಲಿ ಒಂದು ದೊಡ್ಡದು, ಮೂರು ಸಣ್ಣವು. ಓದಿದರೆ ಹೆಸರಲ್ಲ, ಕೂಸಿನ ತೊದಲು. ಯಂತ್ರಕ್ಕೇನು ಗೊತ್ತು, ಇದು ಪದವೋ, ಪದಗಳ ತಲೆಗಳ ಸಾಲೋ? ಅಂಥವು ನಲವತ್ತರಷ್ಟಿದ್ದವು. ಒಂದೊಂದನ್ನೇ ಹುಡುಕಿ ಕೈಯಿಂದ ತಿದ್ದುವಾಗ ಆ ಗುಂಡಿ ಕಂಡುಹಿಡಿದವನಿಗೆ ನಮ್ಮ ಹೊಲದ ಕಳೆ ತೆಗೆಯುವ ಶಿಕ್ಷೆ ಕೊಡಬೇಕು ಅನ್ನಿಸಿತು.

ನನ್ನ ನಿಯಮ ಸರಳ. ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುವುದಾದರೆ ಎಲ್ಲವೂ ದೊಡ್ಡದಾಗಿರಲಿ, ಚುಕ್ಕಿ ಬೇಡ. ಕೂಡಿಸಿ ಒಂದೇ ಪದದಂತೆ ಹೇಳುವುದಾದರೆ ಮೊದಲಿನದೊಂದೇ ದೊಡ್ಡದು. ಚುಕ್ಕಿ ಯಾಕೆ ಬೇಡ ಅಂದರೆ, ಚುಕ್ಕಿ ಇದ್ದದ್ದು ಯಾದಿಯ ತಲೆಗೆ ಹೋಗಿ ಕೂಡುತ್ತದೆ, ಇಲ್ಲದ್ದು ನಡುವೆ ಬೀಳುತ್ತದೆ, ಒಂದೇ ಸಿನಿಮಾ ಎರಡು ಕಡೆ. ಇಷ್ಟನ್ನು ತಿದ್ದಿ ಮುಗಿಸುವ ಮೊದಲೇ ಮೂರನೇ ದಿನ ಬೆಳಗ್ಗೆ ಅಣ್ಣ ಅವಸರ ಮಾಡಿ ಯಾದಿಯನ್ನು ತನ್ನ ಫೋನಿಗೆ ಹಾಕಿಸಿಕೊಂಡ. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಇಬ್ಬರು ನೆರೆಯವರ ಮುಂದೆ ತೆರೆದು ಓದತೊಡಗಿದ.

"ಇದೇನಪಾ ತಮ್ಮಾ, ಇದರಾಗ ಅರ್ಧ ದೊಡ್ಡವು ಅರ್ಧ ಸಣ್ಣವು ಅದಾವು? ಕವರಿನ ಮ್ಯಾಲ ಹೆಂಗ ಐತಿ ಹಂಗ ಬರೀಬೇಕಿಲ್ಲೊ?"

"ಕವರಿನ ಮ್ಯಾಲ ಬಹಳಷ್ಟು ಸಿನಿಮಾದ ಹೆಸರು ಬರೇ ದೊಡ್ಡಕ್ಷರದಾಗ ಇರ್ತಾವ ಅಣ್ಣಾ. ಹಂಗ ಬರದ್ರ ಯಾವುದು ಬಿಡಿಸಿ ಓದೂದು, ಯಾವುದು ಕೂಡಿಸಿ ಓದೂದು ತಿಳೀಬೇಕಲ್ಲ?"

"ಸರಿ. ಈ ನಾಕಕ್ಷರದ್ದು ಯಾಕ ಎಲ್ಲಾ ದೊಡ್ಡದು ಮಾಡೀದಿ?"

"ಬಿಡಿಸಿ ಹೇಳ್ತೀವಿ, ಅದಕ್ಕ."

"ಯಾರು ಹೇಳ್ತಾರ ಬಿಡಿಸಿ?" ಅಣ್ಣ ನೆರೆಯವರ ಕಡೆ ತಿರುಗಿದ. ಇಬ್ಬರೂ ಆ ಹೆಸರನ್ನು ಕೂಡಿಸಿ, ನಮ್ಮ ಹನ್ನೂರದ ಬಾಯಿಯಲ್ಲಿ ಮಸಾಲೆ ಅರೆದಂತೆ ಒಂದೇ ಪದ ಮಾಡಿ ಹೇಳಿದರು. ನನ್ನ ನಿಯಮದ ಪ್ರಕಾರವೇ ನಾನು ಸೋತಿದ್ದೆ. ಅದು ಸಾಲದು ಅಂತ ಅಣ್ಣ ತೊಡೆ ತಟ್ಟಿ ನಕ್ಕ.

"ಮೂವತ್ತು ವರ್ಷ ಲೈಬ್ರರಿದಾಗ ಕುಂತು ಬಂದಾನ, ಒಂದು ಹೆಸರು ಬರ್ಯಾಕ ಮೂರು ದಿವಸ ಬೇಕು ಇವಗ. ನಮ್ಮಕಿ ದಾರ ನೋಡಿ ಚಿಟಿಕಿ ಹೊಡ್ಯೂದ್ರಾಗ ತಗೀತಾಳ!"

ಆ ಕೊನೆಯ ಮಾತು ನನ್ನ ಎದೆಯಲ್ಲಿ ನಾಟಿತು. ಅವನು ನನ್ನನ್ನು ದಡ್ಡ ಅಂದಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ದಾರಕ್ಕಿಂತ ಕಡೆ ಅಂದ, ಅದೂ ಹೊರಗಿನವರ ಮುಂದೆ. ಎದ್ದು ಒಳಗೆ ಬಂದೆ. ವೈನಿ ಮನೆಯಲ್ಲಿರಲಿಲ್ಲ. ಗುರುವಾರ, ಬೆಳಗಿನ ಬಸ್ಸಿಗೆ ಸ್ವಾಮಿಗಳ ದರ್ಶನಕ್ಕಂತ ಅಕ್ಕಲಕೋಟಕ್ಕೆ ಹೋಗಿದ್ದಳು. ಹೊಲಿಗೆ ಯಂತ್ರದ ಖಾನೆಯಲ್ಲಿ ಅವಳದೇ ಕತ್ತರಿ ಇತ್ತು.

ಎಷ್ಟು ಹೊತ್ತು ಕತ್ತರಿಸಿದೆನೋ. ಒಂದೊಂದು ದಾರ ಕಡಿಯುವಾಗಲೂ ಅಣ್ಣನಿಗೆ ಒಂದೊಂದು ಉತ್ತರ ಕೊಟ್ಟಂತೆ ಹಿತವಾಗುತ್ತಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ದಾರದ ಜೊತೆಗೆ ಹಳೆಯ ಡಬ್ಬಿಗಳನ್ನೂ ತೆಗೆದು ಎಸೆದೆ. ಕೆಲವು ಒಡೆದಿದ್ದವು, ಕೆಲವಕ್ಕೆ ಇಲಿ ಬಾಯಿ ಹಾಕಿತ್ತು. ಒಳ್ಳೆಯವನ್ನೂ ಬಿಡಲಿಲ್ಲ. ಸೀಡಿಗಳನ್ನೆಲ್ಲ ಒಂದೇ ನಮೂನೆಯ ಬಿಳಿ ಪಾಕೀಟಿಗೆ ಹಾಕಿ, ನಂಬರು ಅಂಟಿಸಿ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಿಲ್ಲಿಸಿದೆ. ದಾರಗಳನ್ನು ಬುಟ್ಟಿಗೆ ತುಂಬಿ ಹಿತ್ತಿಲ ತಿಪ್ಪೆಗೆ ಸುರಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಕಪಾಟು ಆಸ್ಪತ್ರೆಯ ಹಾಗೆ ಬೆಳ್ಳಗಾಗಿತ್ತು. ನನಗೆ ಹೆಮ್ಮೆಯಾಯಿತು. ಇದನ್ನು ಬರೆಯುವಾಗ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ, ಆದರೆ ಆವತ್ತು ಆದದ್ದು ಹೆಮ್ಮೆಯೇ.

ಸಂಜೆ ವೈನಿ ಬಂದಳು. ಪ್ರಸಾದದ ಪೊಟ್ಟಣ ದೇವರ ಮುಂದಿಟ್ಟು, ಕೈಕಾಲು ತೊಳೆದು, ಪಡುವಣ ಕೋಣೆಗೆ ಹೋದಳು. ಹೊರಗೆ ಬಂದದ್ದು ಬೇರೆಯೇ ಹೆಂಗಸು. ನಲವತ್ತು ವರ್ಷದಲ್ಲಿ ಅವಳು ನನ್ನೆದುರು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ಯಾರನ್ನ ಕೇಳಿ ಹರದ್ರಿ ಭಾವಜೀ? ಕಟ್ಟಾಕ ಹತ್ತು ವರ್ಷ ಹಿಡದಾವ ನನಗ. ಬಿಚ್ಚಿದ್ರ ಕಟ್ರಿ ಅಂದಿದ್ದೆ, ಹೌದಿಲ್ಲೊ? ನಿಮ್ಮ ಕಾಲೇಜಿನ ಪುಸ್ತಕ ಅಂತ ತಿಳದ್ರೇನು ಇವನ್ನ? ಇನ್ನ ನಾ ಹೆಂಗ ಹುಡಕಲಿ ಹೇಳ್ರಿ. ಎಲ್ಲಾ ಬೆಳ್ಳಗ ಬೋಳು ತಲಿ ಮಾಡಿ ಇಟ್ಟೀರಿ!"

"ನಂಬರ ಹಾಕೀನಿ ವೈನಿ. ಯಾದಿ ಐತಿ. ಅಣ್ಣ ಓದಿ ಹೇಳ್ತಾನ."

"ಅವರು ಮಧ್ಯಾಹ್ನ ಮನ್ಯಾಗ ಇರ್ತಾರೇನು?"

ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಲಿಲ್ಲ. ನಿಮ್ಮದೊಂದು ಪದ್ಧತಿಯೇ ಅಲ್ಲ, ಹೊರಗಿನವರು ಬಂದರೆ ನಗುತ್ತಾರೆ, ಮೂರು ದಿನ ನಿಮ್ಮ ಮನೆಗಾಗಿ ಸತ್ತಿದ್ದೇನೆ, ಅಂತ ನಾನೂ ಒದರಾಡಿದೆ. ವೈನಿ ಹಿತ್ತಿಲಿಗೆ ಹೋಗಿ ತಿಪ್ಪೆಯ ಮುಂದೆ ಕೂತಳು. ಅಣ್ಣ ಹೋಗಿ, "ಅಲ್ಲೇ ಬಿದ್ದಾವಲ್ಲ, ಆರಿಸಿ ಪರತ ಕಟ್ಟು," ಅಂದ. ಅವಳು ಅವನ ಕಡೆ ನೋಡದೆ, "ದಾರ ಸಿಕ್ಕಾವ. ಯಾವ ಸೀಡಿದು ಅಂತ ದಾರ ಹೇಳ್ತದೇನು?" ಅಂದಳು. ಅಣ್ಣ ತಲೆ ಕೆರೆದುಕೊಂಡು ಒಳಗೆ ಬಂದ. ಮರುದಿನ ಬೆಳಗ್ಗೆ ನಾನು ಚಹಾ ಕುಡಿಯದೆ ಸೊಲ್ಲಾಪುರದ ದಾರಿ ಹಿಡಿದೆ.

ಒಂದೂವರೆ ತಿಂಗಳು ಸಿಟ್ಟಿನಲ್ಲೇ ಕಳೆದೆ. ಸಿಟ್ಟು ಮನುಷ್ಯನಿಗೆ ಒಳ್ಳೆಯ ಹೊದಿಕೆ, ಒಳಗಿನದೇನೂ ಕಾಣುವುದಿಲ್ಲ. ಅಣ್ಣ ಎರಡು ಸಲ ಫೋನು ಮಾಡಿ ಯಾದಿಯನ್ನು ಹೊಗಳಿದ. ಅಂಗಡಿಯಲ್ಲಿ ನಿಂತು ಫೋನು ತೆಗೆದು ನೋಡಿದನಂತೆ, ಒಂದು ಸಿನಿಮಾವನ್ನು ಎರಡನೇ ಸಲ ತರುವುದು ತಪ್ಪಿತಂತೆ. ಮೂರನೇ ಸಲ ಫೋನು ಮಾಡಿದಾಗ ಮಾತಿನ ನಡುವೆ ಹೇಳಿದ, "ನಿಮ್ಮ ವೈನಿ ಈಗ ಟಿವಿ ಹಚ್ಚೂದಽ ಬಿಟ್ಟಾಳ. ಮಧ್ಯಾಹ್ನ ಜ್ವಾಳ ಹಸನ ಮಾಡಿಕೋತ ಕುಂಡ್ರತಾಳ. ನಾ ಹಚ್ಚಿ ಕೊಡ್ಲ್ಯಾ ಅಂದ್ರ ಬ್ಯಾಡ ಅಂತಾಳ."

ಫೋನು ಇಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಹೆಂಗಸಿನ ಎರಡೂವರೆ ತಾಸನ್ನು ನಾನು ಕಸಿದಿದ್ದೆ. ಯಾವುದಕ್ಕೆ? ನಾಲ್ಕಕ್ಷರ ದೊಡ್ಡದಿರಬೇಕೋ ಸಣ್ಣದಿರಬೇಕೋ ಅನ್ನುವ ಜಗಳದಲ್ಲಿ ಸೋತದ್ದಕ್ಕೆ. ಮರುದಿನವೇ ಪೇಟೆಗೆ ಹೋಗಿ ಎಲ್ಲ ಬಣ್ಣದ ನೂಲು ತಂದೆ. ಬಿಳಿಯದೂ ಅದರಲ್ಲಿ ಬಂತು. ನಾನು ಕೇಳಿರಲಿಲ್ಲ, ಅಂಗಡಿಯವನೇ ಕಟ್ಟಿನಲ್ಲಿ ಸೇರಿಸಿದ್ದ.

ಹನ್ನೂರಕ್ಕೆ ಹೋದಾಗ ವೈನಿ ಜೋಳದ ಮೊರದ ಮುಂದೆ ಕೂತಿದ್ದಳು. ಕಾಲು ಹಿಡಿದು ಕ್ಷಮೆ ಕೇಳುವಷ್ಟು ದೊಡ್ಡವನು ನಾನಲ್ಲ. ನೂಲು ಮುಂದಿಟ್ಟು, "ಏಳ್ರಿ ವೈನಿ. ನಾ ಹೆಸರು ಓದ್ತೀನಿ, ನೀವು ಬಣ್ಣ ಹೇಳ್ರಿ," ಅಂದೆ. ಅವಳು ನೂಲನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಇದು ಪಕ್ಕಾ ರಂಗಲ್ಲ, ನೀರಿಗೆ ಬಿಡ್ತದ," ಅಂತ ಕೆಂಪನ್ನು ಬದಿಗೆ ಸರಿಸಿದಳು. ಆಮೇಲೆ ಎದ್ದು ಬಂದಳು.

ನಾಲ್ಕು ಮಧ್ಯಾಹ್ನ ಕೂತೆವು. ಅವಳ ನೆನಪು ನೋಡಿ ನನಗೆ ನಾಚಿಕೆಯಾಯಿತು. ನಾನು ಹೆಸರು ಓದಿ ಮುಗಿಸುವ ಮೊದಲೇ ಬಣ್ಣ, ಗಂಟು ಎರಡೂ ಹೇಳುತ್ತಿದ್ದಳು. ನಮ್ಮ ನಾಲ್ಕಕ್ಷರದ ಸಿನಿಮಾ ಬಂದಾಗ ನಾನು ಬಿಡಿಸಿ ಓದಿದೆ, ಅವಳಿಗೆ ತಿಳಿಯಲಿಲ್ಲ. ಕೂಡಿಸಿ ಓದಿದೆ, ಆಗಲೂ ತಿಳಿಯಲಿಲ್ಲ. ಕತೆ ಹೇಳಿದ ಮೇಲೆ, "ಹಾಂ, ರೈಲು ತಪ್ಪಿಸಿಕೊಂಡಾಂವಂದು! ಹಂಗ ಹೇಳ್ರಲಾ. ಹಳದಿ, ಮೂರು ಗಂಟು," ಅಂದಳು. ನಾವು ಅಣ್ಣತಮ್ಮಂದಿರು ಯಾವುದಕ್ಕಾಗಿ ಕಚ್ಚಾಡಿದ್ದೆವೋ ಆ ಹೆಸರು ಅವಳಿಗೆ ಒಂದು ದಿನವೂ ಬೇಕಾಗಿರಲಿಲ್ಲ.

ನಾಲ್ಕನೇ ದಿನ ಕಟ್ಟುವುದು ಮುಗಿಯಿತು. ಬಿಳಿ ನೂಲು ಹಾಗೇ ಉಳಿದಿತ್ತು. "ಇದು ಉಳೀತು ನೋಡ್ರಿ, ಒಲಿ ಹಚ್ಚಾಕ ಆಕ್ಕೈತಿ," ಅಂದೆ.

ವೈನಿ ಅದನ್ನು ಕೈಗೆ ತೆಗೆದುಕೊಂಡು ಬೆರಳಿಗೆ ಸುತ್ತಿದಳು. "ಬಿಳೀದೂ ಇತ್ತು ಭಾವಜೀ. ಒಂದಿಷ್ಟಕ್ಕ ಎರಡು ದಾರ ಇದ್ದೂ, ನೀವು ನೋಡಿರಬೇಕು."

ನೋಡಿದ್ದೆ. ಎರಡೆರಡು ಸಲ ಕತ್ತರಿ ಆಡಿಸಬೇಕಲ್ಲ ಅಂತ ಅವನ್ನು ಬೈದಿದ್ದೆ.

"ಅದು ಯಾವುದಕ್ಕ?"

"ಅತ್ತಿ ನಕ್ಕಿದ್ದಕ್ಕ."

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವ್ವನ ಮಾತು ನಿಂತ ಮೇಲೆ ಮಧ್ಯಾಹ್ನದ ಸಿನಿಮಾವನ್ನು ವೈನಿ ಆ ಕೋಣೆಯಲ್ಲೇ, ಅವಳ ಮಂಚದ ಪಕ್ಕ ಕೂತು ನೋಡುತ್ತಿದ್ದಳು. ಹೆಚ್ಚಿನ ದಿನ ಅವ್ವ ಜಂತಿ ನೋಡುತ್ತ ಮಲಗಿರುವವಳು. ಒಮ್ಮೊಮ್ಮೆ, ಯಾವುದೋ ಒಂದು ಕಡೆ, ನೆಟ್ಟಗಿದ್ದ ಅರ್ಧ ಬಾಯಿಯಿಂದ ನಗುತ್ತಿದ್ದಳಂತೆ. ಸದ್ದು ಮಾಡಿ ನಗುತ್ತಿದ್ದಳಂತೆ. ನಕ್ಕ ಸಿನಿಮಾಕ್ಕೆ ಒಂದು ಬಿಳಿ ದಾರ. ಮುಂದೆ ಅದನ್ನೇ ಹಚ್ಚಿದಾಗ ಮತ್ತೆ ನಕ್ಕರೆ ದಾರಕ್ಕೆ ಇನ್ನೊಂದು ಗಂಟು.

"ಒಂದಕ್ಕ ಒಂಬತ್ತು ಗಂಟಿದ್ದೂ," ಅಂದಳು ವೈನಿ. "ಅವರು ಹ್ವಾದ ಮ್ಯಾಲ ಅವನ್ನಽ ಹಚ್ಚಿ ಕುಂಡ್ರತಿದ್ದೆ."

"ಯಾವಯಾವುದು ಹೇಳ್ರಿ ವೈನಿ, ಕಟ್ಟೋಣು."

"ಮೂರು ನೆನಪದಾವ. ಉಳಿದದ್ದು ನೆನಪಿಲ್ರಿ. ದಾರ ಐತಲ್ಲ ಅಂತ ನೆನಪಿಡಾಕ ಹೋಗಲಿಲ್ಲ."

ಮೂರು ಸೀಡಿಗೆ ಬಿಳಿ ದಾರ ಕಟ್ಟಿದೆವು. ಎಷ್ಟಿದ್ದವು ಅಂತ ಕೇಳಿದರೆ ಮೂವತ್ತೋ ನಲವತ್ತೋ ಅಂದಳು.

ವೈನಿ ಈಗ ಮತ್ತೆ ಮಧ್ಯಾಹ್ನ ಟಿವಿ ಹಚ್ಚುತ್ತಾಳೆ. ನನ್ನೊಡನೆ ಮೊದಲಿನಂತೆ ಮಾತಾಡುತ್ತಾಳೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ, ಅದು ಬೇರೆ ಯಾರ ಮೇಲೂ ಅಲ್ಲ. ಪ್ರತಿ ಸಲ ಹನ್ನೂರಕ್ಕೆ ಹೋದಾಗ ಹತ್ತು ಹದಿನೈದು ಸೀಡಿ ಮನೆಗೆ ತರುತ್ತೇನೆ. ಒಬ್ಬನೇ ಕೂತು, ಇಲ್ಲಿ ನಕ್ಕಿರಬಹುದೇ, ಇಲ್ಲಿ ನಕ್ಕಿರಬಹುದೇ ಅಂತ ನೋಡುತ್ತೇನೆ. ಎರಡು ವರ್ಷ ತಿಂಗಳಿಗೊಮ್ಮೆ ತಪ್ಪದೆ ಹೋಗಿ, ಆ ಮಂಚದ ಪಕ್ಕ ಕೂತು, ಔಷಧಿಯ ಚೀಟಿ ಓದಿ, ಸಂಜೆಯ ಬಸ್ಸಿಗೆ ಎದ್ದು ಬರುತ್ತಿದ್ದವನು ನಾನು. ಇನ್ನೂರಕ್ಕೂ ಹೆಚ್ಚು ನೋಡಿಯಾಯಿತು. ಒಂದಕ್ಕೂ ಬಿಳಿ ದಾರ ಕಟ್ಟುವ ಧೈರ್ಯವಾಗಿಲ್ಲ. ಅವ್ವ ಯಾವುದಕ್ಕೆ ನಗುತ್ತಾಳೆ ಅನ್ನುವುದು ನನಗೆ ಮೊದಲೂ ಗೊತ್ತಿರಲಿಲ್ಲ.